ಬೆಂಡಿನ ಮೇಲೆ ಕಣ್ಣು

ಮೀನು ಸಾರು ಉಣ್ಣಬೇಕೆಂಬುದಷ್ಟೇ ಆಸೆಯಾದರೆ ಸಂತೆಗೆ ಹೋಗಿ. ಗಾಳ ಹಿಡಿದು ಹೊಳೆಗಿಳಿದವರು ಬರಿಗೈಯಲ್ಲಿ ಮನೆಗೆ ಬರುವ ದಿನಗಳೇ ಹೆಚ್ಚು. ಹಾಗಿದ್ದೂ ಮಲೆನಾಡಿನ ಎಷ್ಟೋ ಮನೆಗಳಲ್ಲಿ ಭಾನುವಾರ ಮಧ್ಯಾಹ್ನ ಗಾಳದ ಕೋಲು ಅಟ್ಟದಿಂದ ಕೆಳಗಿಳಿಯುತ್ತದೆ, ಮಕ್ಕಳು ಬಚ್ಚಲ ನೀರು ಹರಿಯುವ ಬಾಳೆಬುಡದಲ್ಲಿ ಎರೆಹುಳು ಕೆದಕುತ್ತಾರೆ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರಿಗೂ ಈ ಹುಚ್ಚಿತ್ತು. ಹೊಸದಾಗಿ ಹಿಡಿಸಿಕೊಳ್ಳುವವರಿಗೆ ನನ್ನದೊಂದಿಷ್ಟು ಮಾತು.

ಸಾಮಾನಿಗೆ ದುಡ್ಡು ಸುರಿಯಬೇಡಿ. ರೀಲಿನ ರಾಡು ಆಮೇಲೆ ಬರಲಿ. ಏಳೆಂಟು ಅಡಿಯ ವಾಟೆ ಕೋಲು, ಅಷ್ಟೇ ಉದ್ದದ ನೈಲಾನ್ ದಾರ, ಚಿಕ್ಕದೊಂದು ಗಾಳ, ಅದಕ್ಕಿಂತ ಒಂದು ಗೇಣು ಮೇಲೆ ಸೀಸದ ತುಣುಕು, ಅದರ ಮೇಲೆ ಬೆಂಡು. ಜೋಳದ ದಂಟಿನ ಬೆಂಡು ಧಾರಾಳ ಸಾಕು, ಉದುರಿದ ನವಿಲುಗರಿಯ ದಂಟು ಸಿಕ್ಕರೆ ಇನ್ನೂ ನಾಜೂಕು. ಬೆಂಡಿನ ತುದಿ ಮಾತ್ರ ನೀರಿನ ಮೇಲೆ ಕಾಣುವಷ್ಟು ಸೀಸ ಕಟ್ಟಬೇಕು. ಪೂರ್ತಿ ತೇಲುವ ಬೆಂಡು ಮೀನು ಮುಟ್ಟಿದ್ದನ್ನು ಹೇಳುವುದಿಲ್ಲ.

ಇನ್ನು ಬೆಂಡು ಓದುವುದು. ಗಾಳದ ರುಚಿಯೆಲ್ಲ ಇರುವುದು ಇಲ್ಲೇ. ಟುಕು ಟುಕು ಎಂದು ನಡುಗಿ ಸುಮ್ಮನಾದರೆ ಸಣ್ಣ ಮೀನುಗಳು ಹುಳುವಿನ ತುದಿ ಚೀಪುತ್ತಿವೆ. ಎಳೆದರೆ ಬರುವುದು ಬರಿಯ ಗಾಳ. ಬೆಂಡು ಓರೆಯಾಗಿ ಒಂದೇ ಕಡೆಗೆ ನಿಧಾನವಾಗಿ ಜಾರುತ್ತಿದ್ದರೆ ತಳದಲ್ಲಿ ಯಾವುದೋ ಮೀಸೆಯ ಮೀನು ಹುಳು ಬಾಯಿಗಿಟ್ಟುಕೊಂಡು ನಡೆದಿದೆ. ಕೆಲವೊಮ್ಮೆ ಬೆಂಡು ಮುಳುಗುವ ಬದಲು ಮೇಲೆದ್ದು ಅಡ್ಡ ಮಲಗುತ್ತದೆ. ಹೊಸಬರು ಇದನ್ನು ಗಾಳಿಯ ಆಟ ಎಂದುಕೊಳ್ಳುತ್ತಾರೆ. ಅಲ್ಲ, ತಳದಲ್ಲಿ ಮೇಯುವ ಮೀನು ಹುಳುವಿನ ಜೊತೆ ಸೀಸವನ್ನೂ ಎತ್ತಿದೆ. ಎಳೆಯಬೇಕಾದ್ದು ಆಗ, ಅದೂ ಮಣಿಕಟ್ಟಿನಿಂದ ಮಾತ್ರ. ತೋಳೆತ್ತಿ ಜಗ್ಗಿದರೆ ಗಾಳ ಹಿಂದಿನ ಮರದಲ್ಲಿ ನೇತಾಡುತ್ತದೆ.

ನಮ್ಮ ಚಿಕ್ಕಪ್ಪನ ಪಕ್ಕ ಕೂತು ನಾನು ನಿಮಿಷಕ್ಕೊಮ್ಮೆ "ಈಗ ಎಳೀಲಾ?" ಎನ್ನುತ್ತಿದ್ದೆ. "ತಡಿಯೋ ಮಾರಾಯ, ಇನ್ನೂ ಮೂಸ್ತಾ ಇದೆ" ಎನ್ನುತ್ತಿದ್ದರು, ಬೆಂಡಿನಿಂದ ಕಣ್ಣು ತೆಗೆಯದೆ. ಅತ್ತೆ ಮಂಡಕ್ಕಿ ಪೊಟ್ಟಣ ಬಿಚ್ಚಿದ ಗಳಿಗೆಯಲ್ಲೇ ಬೆಂಡು ಮುಳುಗುತ್ತಿದ್ದುದು ಏಕೋ ಇವತ್ತಿಗೂ ಗೊತ್ತಾಗಿಲ್ಲ.

ನೀರನ್ನೂ ನೋಡಲು ಕಲಿಯಬೇಕು. ರಭಸದ ಹರಿವು ಮಡುವಿಗೆ ಬಂದು ಸೇರುವ ಅಂಚು ಒಳ್ಳೆಯ ಜಾಗ. ಹರಿವು ತಂದ ತಿನಿಸಿಗಾಗಿ ಮೀನು ಅಲ್ಲಿ ಕಾಯುತ್ತದೆ. ಹೊಳೆಗೆ ಬಾಗಿದ ಅತ್ತಿಮರದ ಕೆಳಗೆ ಹಣ್ಣು ಉದುರುವ ಕಾಲದಲ್ಲಿ ಕೂತು ನೋಡಿ. ಸುಳಿಯಿರುವ ಕಡೆ, ಪಾಚಿಗಟ್ಟಿದ ಬಂಡೆಯ ಮೇಲೆ ಮಕ್ಕಳನ್ನು ಕೂರಿಸಬೇಡಿ. ಚೇಳುಮೀನು ಸಿಕ್ಕರೆ ಕೈಹಾಕಬೇಡಿ. ಅದರ ಪಕ್ಕದ ಮುಳ್ಳಿಗೆ ವಿಷವಿದೆ, ನನ್ನ ಹೆಬ್ಬೆರಳು ಅದಕ್ಕೆ ಸಾಕ್ಷಿ. ಚುಚ್ಚಿದರೆ ತಡೆಯುವಷ್ಟು ಬಿಸಿಯ ನೀರಿನಲ್ಲಿ ಕೈ ಅದ್ದಿ ಡಾಕ್ಟರ ಬಳಿ ಹೋಗಿ.

ಕೆರೆಯಲ್ಲಿ ಕೊರವ ಮೀನಿಗೆ ಕಾಯುವವರು ಒಂದು ನೋಟ ನೋಡಲೇಬೇಕು: ನೀರಿನ ಮೇಲ್ಮೈಯಲ್ಲಿ ಕೆಂಪು ಕೆಂಪಾಗಿ ಕುದಿಯುವಂತೆ ಕಾಣುವ ಮರಿಗಳ ಗುಂಪು, ಅದರ ಕೆಳಗೆ ಕಾವಲು ನಿಂತ ತಾಯಿ ತಂದೆ. ಅಲ್ಲಿ ಗಾಳ ಬಿಟ್ಟರೆ ಕಾವಲಿನ ಮೀನು ರೋಷದಿಂದ ಎರಗುತ್ತದೆ, ಸುಲಭವಾಗಿ ಸಿಗುತ್ತದೆ. ಅದನ್ನು ಎತ್ತಿದರೆ ಮರಿಗಳು ಮಿಕ್ಕ ಮೀನುಗಳ ಪಾಲು. ಅಂಥವರನ್ನು ನಾನು ಗಾಳದವರೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮುಂಗಾರಿನ ಮೊದಲ ನೀರಿಗೆ ಮೊಟ್ಟೆ ತುಂಬಿಕೊಂಡು ಗದ್ದೆಗೆ ಏರುವ ಹತ್ತುಮೀನನ್ನು ಕಡಿಯುವವರನ್ನೂ ಅಷ್ಟೇ.

ಕಾವೇರಿಯ ಬಿಳಿಮೀನಿನ ಕಥೆ ಕೇಳಿಯೇ ಇರುತ್ತೀರಿ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರಿಗೆ 120 ಪೌಂಡಿನದು ಸಿಕ್ಕಿತ್ತು. ಭೀಮೇಶ್ವರಿ ಕಡೆ ಗಾಳಕ್ಕೆ ರಾಗಿ ಹಿಟ್ಟಿನ ಉಂಡೆ ಮೆತ್ತಿ, ಸಿಕ್ಕ ಮೀನನ್ನು ತೂಗಿ ಹೊಳೆಗೇ ಬಿಡುವ ಪದ್ಧತಿ ಇತ್ತು. ಡುಬ್ಬದ ಬಿಳಿಮೀನು 2018ರಿಂದ ಅಳಿವಿನ ಅಂಚಿನ ಪಟ್ಟಿಯಲ್ಲಿದೆ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳಿವೆ. ಅಲ್ಲಿಗೆ ಮಕ್ಕಳನ್ನು ಕರೆದೊಯ್ಯಿರಿ, ಗಾಳವನ್ನಲ್ಲ. ಅಭಯಾರಣ್ಯದೊಳಗೆ ಗಾಳ ಹಾಕುವಂತಿಲ್ಲ. ಕೆರೆಗಳ ಮೀನು ಸಾಮಾನ್ಯವಾಗಿ ಗುತ್ತಿಗೆಗೆ ಹೋಗಿರುತ್ತದೆ, ಕೂರುವ ಮೊದಲು ಗುತ್ತಿಗೆದಾರರನ್ನು ಕೇಳಿ.

ತೀರಾ ಮರಿ ಸಿಕ್ಕರೆ ಕೈ ಒದ್ದೆ ಮಾಡಿಕೊಂಡು ಹಿಡಿದು, ಗಾಳ ಬಿಡಿಸಿ, ನೀರಿಗೆ ಬಿಡಿ. ಒಣಗೈ ತಾಗಿದರೆ ಅದರ ಮೈಮೇಲಿನ ಲೋಳೆ ಕಿತ್ತುಬರುತ್ತದೆ. ಹೊರಡುವಾಗ ತುಂಡಾದ ದಾರವನ್ನೆಲ್ಲ ಆರಿಸಿ ಜೇಬಿಗೆ ಹಾಕಿಕೊಳ್ಳಿ. ದಂಡೆಯಲ್ಲಿ ಉಳಿದರೆ ನೀರುಕಾಗೆಯ ಕಾಲಿಗೆ ಸುತ್ತಿಕೊಳ್ಳುತ್ತದೆ.