ಪಾಠ ಹೇಳುವ ಕವಿ: ಮಲಪ್ರಭೆಯ ದಂಡೆಯ ಒಂದು ಪರಂಪರೆ

ಐಹೊಳೆಯ ಮೇಗುಟಿ ಗುಡಿಯ ಶಾಸನ ಇತಿಹಾಸದ ಪಾಠದಲ್ಲಿ ಬರುವುದು ಇಮ್ಮಡಿ ಪುಲಕೇಶಿಯ ದಿಗ್ವಿಜಯಕ್ಕಾಗಿ. ಕಾವ್ಯದ ವಿದ್ಯಾರ್ಥಿಗೆ ಅದರಲ್ಲಿ ಬೇರೊಂದು ಸಂಗತಿ ಕಾದಿದೆ. ಕ್ರಿ.ಶ. 634ರ ಆ ಸಂಸ್ಕೃತ ರಚನೆಯ ಕೊನೆಗೆ ಕವಿ ರವಿಕೀರ್ತಿ ಕಾಳಿದಾಸ, ಭಾರವಿಯರ ಹೆಸರೆತ್ತಿ ತನ್ನನ್ನೂ ಅವರ ಸಾಲಿಗೆ ಸೇರಿಸಿಕೊಳ್ಳುತ್ತಾನೆ. ತನ್ನ ಪದ್ಯವನ್ನು ಯಾರ ಜೊತೆಗಿಟ್ಟು ಓದಬೇಕೆಂದು ಕವಿಯೇ ಇಲ್ಲಿ ಹೇಳುತ್ತಿದ್ದಾನೆ. ಸುಮಾರು ಎರಡು ಶತಮಾನಗಳ ತರುವಾಯ ಬಂದ ‘ಕವಿರಾಜಮಾರ್ಗ’ ಇನ್ನೂ ಮುಂದೆ ಹೋಯಿತು. ಅದು ಕವಿಗಳಿಗೆ ಕವಿತೆಯ ಪಾಠ ಹೇಳಿತು, ಹಿಂದಿನವರನ್ನು ನೆನೆಯಿತು, ತಿರುಳ್ಗನ್ನಡದ ಸೀಮೆಯನ್ನು ಗುರುತಿಸುವಾಗ ಕಿಸುವೊಳಲನ್ನು, ಎಂದರೆ ಇಂದಿನ ಪಟ್ಟದಕಲ್ಲನ್ನು ಹೆಸರಿಸಿತು.

ಹೀಗೆ ಕಾವ್ಯ ಬರೆಯುವುದೂ ಕಾವ್ಯವನ್ನು ಕುರಿತು ಯೋಚಿಸುವುದೂ ಈ ನೆಲದಲ್ಲಿ ಬಹಳ ಹಿಂದೆಯೇ ಒಬ್ಬರದೇ ಕೆಲಸವಾಗಿತ್ತು.

ಆದರೆ ಪಾಠದ ಮೂಲ ಆಸ್ಥಾನವೊಂದೇ ಆಗಿರಲಿಲ್ಲ. ಬಾದಾಮಿಯ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನದಲ್ಲಿ ತ್ರಿಪದಿಗಳಿವೆ. ಅದೇ ಮೂರು ಸಾಲಿನ ಮಟ್ಟಿನಲ್ಲಿ ಹೆಣ್ಣುಮಕ್ಕಳು ನೂರಾರು ವರ್ಷ ಬೀಸುವ ಪದ ಹಾಡಿದರು. ಐಹೊಳೆ, ಬಾದಾಮಿಗಳಿರುವ ಬಾಗಲಕೋಟೆ ಸೀಮೆ 1997ರವರೆಗೆ ವಿಜಾಪುರ ಜಿಲ್ಲೆಗೇ ಸೇರಿತ್ತು. ಆ ಜಿಲ್ಲೆಯ ಹಲಸಂಗಿ ಗೆಳೆಯರು ಇಂಥ ಪದಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ತಂದರು. ಆ ಗೆಳೆಯರಲ್ಲಿ ಸಿಂಪಿ ಲಿಂಗಣ್ಣನವರು ಶಾಲೆಯ ಮಾಸ್ತರರು. ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಕಲಿಸಿದ ಬೇಂದ್ರೆಯವರ ಕವಿತೆಗೆ ಈ ಮಟ್ಟುಗಳೇ ಉಸಿರು. ಈ ಸೀಮೆಯಲ್ಲಿ ಪಾಠ ಹೇಳುವ ಕವಿಯ ಮುಂದೆ ಬರೆದ ಪಠ್ಯವೂ ಹಾಡಿದ ಪಠ್ಯವೂ ಇವೆ. ಎರಡನ್ನೂ ಓದಬಲ್ಲವನಿಂದಲೇ ಈ ಪರಂಪರೆ ಬೆಳೆದಿದೆ.

ಇದಕ್ಕೆ ತೂಕದ ಉದಾಹರಣೆ ಎ.ಕೆ. ರಾಮಾನುಜನ್. ಬೆಳಗಾವಿಯಲ್ಲಿ ಪಾಠ ಹೇಳಿ, ಮುಂದೆ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದ ಅವರು 1969ರಲ್ಲಿ ‘ಹೊಕ್ಕುಳಲ್ಲಿ ಹೂವಿಲ್ಲ’ ಸಂಕಲನ ಕೊಟ್ಟರು. 1973ರಲ್ಲಿ ಅವರ ವಚನಾನುವಾದ ‘ಸ್ಪೀಕಿಂಗ್ ಆಫ್ ಶಿವ’ ಬಂತು. ಹುನಗುಂದ ತಾಲ್ಲೂಕಿನ ಕೂಡಲಸಂಗಮದ ದೇವರನ್ನು ಕರೆದು ಬಸವಣ್ಣನವರು ಆಡಿದ ಮಾತು ಇಂಗ್ಲಿಷಿನಲ್ಲಿ ಹೊಸಗವಿತೆಯಾಗಿ ಹೊರಟಿತು. ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ ಪ್ರಕಟಿಸಿದ್ದು ಒಂದು ಧರ್ಮದ ಆಕರವನ್ನು ಉಳಿಸುವುದಕ್ಕೆ. ರಾಮಾನುಜನ್ ವಚನಗಳಲ್ಲಿ ಸಾಲು ಮುರಿಯುವ, ಮೌನ ಉಳಿಸುವ ಕಾವ್ಯವನ್ನು ಕಂಡರು. 1992ರಲ್ಲಿ ತೇಜಸ್ವಿನಿ ನಿರಂಜನ ಈ ಅನುವಾದಗಳನ್ನೇ ಕಟುವಾಗಿ ಪ್ರಶ್ನಿಸಿದರು: ವಚನವನ್ನು ಪಶ್ಚಿಮದ ನವ್ಯದ ಅಚ್ಚಿಗೆ ಹೊಯ್ಯಲಾಗಿದೆ ಎಂಬುದು ಅವರ ವಾದದ ತಿರುಳು. ಆಕ್ಷೇಪದಲ್ಲಿ ಹುರುಳಿದೆ. ಆದರೂ ಅಂಥ ಜಗಳಕ್ಕೆ ತಕ್ಕ ಓದನ್ನು ಮುಂದಿಟ್ಟದ್ದು ರಾಮಾನುಜನ್ನರ ದೊಡ್ಡತನ.

ಜಗಳದ ಇನ್ನೊಂದು ಶಾಲೆ ಧಾರವಾಡದಲ್ಲಿತ್ತು. ಚಂದ್ರಶೇಖರ ಪಾಟೀಲ, ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಸೇರಿ 1964ರಲ್ಲಿ ‘ಸಂಕ್ರಮಣ’ ಪತ್ರಿಕೆ ಶುರುಮಾಡಿದರು. ಮೂವರೂ ಅಧ್ಯಾಪಕರು. ತರಗತಿಯಲ್ಲಿ ಹಳೆಯದನ್ನು ಕಲಿಸುತ್ತಲೇ, ನಿನ್ನೆ ಬಂದ ಕವಿತೆಯನ್ನು ಪತ್ರಿಕೆಯಲ್ಲಿ ತೂಗಿ ನೋಡಿದರು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದಾಗ ಹೊಸ ಕವಿಗೆ ಅಂಥ ಓದುಗರೇ ಬೇಕಿದ್ದರು. ಬಾಗಲಕೋಟೆಯ ಕವಿ ಸತ್ಯಾನಂದ ಪಾತ್ರೋಟರ ‘ಕರಿನೆಲ’, ‘ಜಾಜಿ ಮಲ್ಲಿಗೆ’ ಸಂಕಲನಗಳು ಆ ಕಾಲದ ಬೆಳೆ. ಒಂದರ ಹೆಸರಿನಲ್ಲಿ ಎರೆಹೊಲ, ಇನ್ನೊಂದರಲ್ಲಿ ಹೂವು: ಸಿಟ್ಟೂ ಪ್ರೀತಿಯೂ ಒಬ್ಬನೇ ಕವಿಯಲ್ಲಿ ಕೂಡಿರುವುದನ್ನು ಹೆಸರುಗಳೇ ಸೂಚಿಸುತ್ತವೆ.

ಇಷ್ಟು ಸಿರಿವಂತ ಪರಂಪರೆಯ ಇಂದಿನ ನಡಿಗೆ ಮಾತ್ರ ಸಂತೋಷ ಕೊಡುವುದಿಲ್ಲ. ‘ಇಂಥವರ ಕಾವ್ಯ: ಒಂದು ಅಧ್ಯಯನ’ ಎಂಬ ಮಾದರಿಯ ಪಿಎಚ್.ಡಿ. ಪ್ರಬಂಧಗಳಲ್ಲಿ ಬದುಕು, ಕೃತಿಪಟ್ಟಿ, ಸಾರಾಂಶ, ಹೊಗಳಿಕೆ ಇವೇ ಅಧ್ಯಾಯಗಳಾಗುತ್ತವೆ. ಗುರು ಶಿಷ್ಯನ ಸಂಕಲನಕ್ಕೆ ಮುನ್ನುಡಿ ಬರೆಯುತ್ತಾನೆ, ಶಿಷ್ಯ ಗುರುವಿನ ಅಭಿನಂದನ ಗ್ರಂಥಕ್ಕೆ ಲೇಖನ ಕೊಡುತ್ತಾನೆ. ಈ ಕೊಡುಕೊಳ್ಳುವಿಕೆಯ ನಡುವೆ ಸೋತ ಕವಿತೆಯನ್ನು ಸೋತಿದೆ ಎನ್ನುವವರು ಯಾರೂ ಉಳಿಯುವುದಿಲ್ಲ. ಸಮಕಾಲೀನರನ್ನು ಓದುವುದು ಕಷ್ಟ, ನಿಜ. ಕವಿ ಎದುರಿಗೇ ಕೂತಿರುತ್ತಾನೆ. ಆದರೆ ಆ ಮುಲಾಜನ್ನು ಮೀರದೆ ಸಂಶೋಧನೆಗೆ ಬೆಲೆ ಬರುವುದಿಲ್ಲ.

ಇನ್ನೊಂದು ಕೊರತೆ ಕಿವಿಯದು. ಇಳಕಲ್ಲಿನ ವಿದ್ಯಾರ್ಥಿಗೆ ಅಲ್ಲಿಯ ಸೀರೆಯ ತೋಪು ತೆನಿ ಸೆರಗು, ಗೋಮಿ ದಡಿ ಮನೆಮಾತು. ಅಂಥ ಮಾತು ಕವಿತೆಯಲ್ಲಿ ಬಂದರೆ ಅದರ ಬಣ್ಣ, ನೇಯ್ಗೆ, ಕೂಲಿ ಎಲ್ಲ ಅವನಿಗೆ ತಿಳಿದಿರುತ್ತದೆ. ಪ್ರಬಂಧ ಬರೆಯಲು ಕೂತಾಗ ಈ ತಿಳಿವನ್ನು ಬದಿಗಿಟ್ಟು ‘ಪ್ರತಿಮೆ’, ‘ಸಂವೇದನೆ’ ಎಂಬ ಸವೆದ ಪರಿಭಾಷೆಯನ್ನು ಎತ್ತಿಕೊಳ್ಳುತ್ತಾನೆ. ಅದು ಅವನ ತಪ್ಪಲ್ಲ, ಕಲಿಸಿದ ಕ್ರಮದ್ದು.

ಈಗ ಆಗಬೇಕಾದ ಕೆಲಸ ಸ್ಪಷ್ಟವಾಗಿದೆ. ‘ಕರಿನೆಲ’ವನ್ನು ಕೂಡಲಸಂಗಮದ ವಚನದ ಜೊತೆಗೆ, ಬೀಸುವ ಪದದ ಜೊತೆಗೆ, ‘ಸಂಕ್ರಮಣ’ದ ವಾದಗಳ ಜೊತೆಗೆ ಇಟ್ಟು ಓದಿ, ಅದು ಎಲ್ಲಿ ಮೇಲೇಳುತ್ತದೆ, ಎಲ್ಲಿ ಘೋಷಣೆಗೆ ಇಳಿಯುತ್ತದೆ ಎಂದು ಸಾಲು ಹಿಡಿದು ತೋರಿಸುವ ಒಂದು ಪ್ರಬಂಧ ಬೇಕು. ಅದು ಬಾಗಲಕೋಟೆ ಜಿಲ್ಲೆಯ ಕಾಲೇಜಿನಿಂದಲೇ ಬರಬೇಕು, ಬರೆಯುವವರು ಸ್ವತಃ ಕವಿಯಾಗಿದ್ದರೆ ಇನ್ನೂ ಒಳ್ಳೆಯದು.