ಕಟಕಟೆಯ ಕಡೆ ತೋರಿಸಿದ ಬೆರಳು

ದರೋಡೆ ಪ್ರಕರಣದ ವಿಚಾರಣೆಯಲ್ಲಿ ಸರ್ಕಾರಿ ಅಭಿಯೋಜಕರು ಸಾಕ್ಷಿಗೆ ಕೇಳಲೇಬೇಕಾದ ಪ್ರಶ್ನೆಯೊಂದಿದೆ: ಆ ದಿನ ನೀವು ನೋಡಿದ ವ್ಯಕ್ತಿ ಇಲ್ಲಿದ್ದಾನೆಯೇ? ಸಾಕ್ಷಿ ತಿರುಗಿ ನೋಡುತ್ತಾನೆ. ಆರೋಪಿಯ ಜಾಗದಲ್ಲಿ ನಿಂತವನು ಒಬ್ಬನೇ, ಪಕ್ಕದಲ್ಲಿ ಪೊಲೀಸ್ ಪೇದೆ. “ಇವನೇ ಸ್ವಾಮಿ.” ಘಟನೆ ನಡೆದು ನಾಲ್ಕಾರು ವರ್ಷವಾಗಿದ್ದರೂ ನಮ್ಮ ಕಾನೂನಿನ ದೃಷ್ಟಿಯಲ್ಲಿ ಗುರುತಿನ ಮೂಲ ಸಾಕ್ಷ್ಯ ಇದೇ. ಬಂಧನದ ನಂತರ ಜೈಲಿನಲ್ಲಿ ತಹಶೀಲ್ದಾರರ ಸಮ್ಮುಖ ನಡೆದ ಗುರುತು ಪತ್ತೆ ಪರೇಡ್‌ಗೆ ಬರೀ ಪೂರಕ ಸಾಕ್ಷ್ಯದ ಸ್ಥಾನ. ಈ ಏರ್ಪಾಡು ತಲೆಕೆಳಗಾಗಿದೆ ಎಂದೇ ನನ್ನ ಅಭಿಪ್ರಾಯ.

ಎಲ್ಲ ಪ್ರಕರಣಗಳಿಗೂ ಈ ಮಾತು ಸಲ್ಲದು. ಜಮೀನಿನ ಜಗಳದಲ್ಲಿ ದಾಯಾದಿಯ ಮೇಲೆ ಮಚ್ಚು ಬೀಸಿದವನನ್ನು ಊರಿಗೆ ಊರೇ ಬಲ್ಲದು. ಅಲ್ಲಿ ಸಾಕ್ಷಿ ಸುಳ್ಳು ಹೇಳಬಹುದು, ಹೆದರಿ ಪ್ರತಿಕೂಲ ಸಾಕ್ಷಿಯಾಗಬಹುದು. ಗುರುತು ತಪ್ಪುವುದು ಅಪರೂಪ. ತೊಂದರೆ ಇರುವುದು ಅಪರಿಚಿತರ ವಿಷಯದಲ್ಲಿ: ಬೈಕಿನಲ್ಲಿ ಬಂದು ಸರ ಕಿತ್ತವನು, ಹೆದ್ದಾರಿಯಲ್ಲಿ ಲಾರಿ ಅಡ್ಡಗಟ್ಟಿದವರು, ಗಲಭೆಯಲ್ಲಿ ಕಲ್ಲೆಸೆದ ಗುಂಪು. ಸಾಕ್ಷಿ ಪ್ರಾಮಾಣಿಕನಾಗಿದ್ದೂ ತಪ್ಪುವುದು ಇಲ್ಲಿಯೇ. ಪಾಟಿ ಸವಾಲು ಸುಳ್ಳನ್ನು ಹಿಡಿಯಲು ಹೆಣೆದ ಬಲೆ. ತಾನು ಹೇಳುವುದೇ ಸತ್ಯವೆಂದು ಮನಸಾರೆ ನಂಬಿದವನು ಅದರಲ್ಲಿ ಸಿಕ್ಕಿಕೊಳ್ಳುವುದಿಲ್ಲ.

ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ 1984ರಲ್ಲಿ ಅತ್ಯಾಚಾರಕ್ಕೊಳಗಾದ ಕಾಲೇಜು ವಿದ್ಯಾರ್ಥಿನಿ ಜೆನಿಫರ್ ಥಾಂಪ್ಸನ್, ಬದುಕಿ ಉಳಿದರೆ ಇವನನ್ನು ಹಿಡಿಸಲೇಬೇಕೆಂದು ಆ ಕತ್ತಲಲ್ಲೂ ದಾಳಿಕೋರನ ಮುಖವನ್ನು ಗಮನವಿಟ್ಟು ನೋಡಿದ್ದರು. ಪೊಲೀಸರು ತೋರಿಸಿದ ಫೋಟೊಗಳಲ್ಲಿ ರೊನಾಲ್ಡ್ ಕಾಟನ್‌ನ ಚಿತ್ರವನ್ನು ಆರಿಸಿದ್ದು ಹಲವು ನಿಮಿಷ ಯೋಚಿಸಿದ ಮೇಲೆ. ಮುಂದೆ ಜನರನ್ನೇ ಸಾಲಾಗಿ ನಿಲ್ಲಿಸಿದಾಗ ಫೋಟೊದಲ್ಲೂ ಸಾಲಿನಲ್ಲೂ ಇದ್ದವನು ಕಾಟನ್ ಒಬ್ಬನೇ. ಥಾಂಪ್ಸನ್ ಅವನನ್ನೇ ಮತ್ತೆ ಗುರುತಿಸಿದರು. ಫೋಟೊದಲ್ಲಿ ಆರಿಸಿದ್ದೂ ಇವನನ್ನೇ ಎಂದು ಪೊಲೀಸರು ತಿಳಿಸಿದ ಮೇಲೆ ಅನುಮಾನಕ್ಕೆ ಎಡೆಯೇ ಉಳಿಯಲಿಲ್ಲ. ಕಾಟನ್‌ಗೆ ಜೀವಾವಧಿ ಶಿಕ್ಷೆಯಾಯಿತು. 1987ರ ಮರುವಿಚಾರಣೆಯಲ್ಲಿ ನಿಜವಾದ ಅಪರಾಧಿಯನ್ನೇ ಎದುರಿಗೆ ತಂದು ನಿಲ್ಲಿಸಿದರೂ ಇವನನ್ನು ನೋಡಿಯೇ ಇಲ್ಲ ಎಂದರು ಥಾಂಪ್ಸನ್. 1995ರಲ್ಲಿ ಡಿಎನ್‌ಎ ಪರೀಕ್ಷೆ ಕಾಟನ್‌ನನ್ನು ಬಿಡಿಸುವ ಹೊತ್ತಿಗೆ ಅವನ ಬಾಳಿನ ಹತ್ತು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿ ಕಳೆದಿತ್ತು. ಇಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಪ್ರತಿ ಹಂತದಲ್ಲೂ ಕಾಟನ್‌ನ ಮುಖ ದಾಳಿಕೋರನ ಮುಖದ ಜಾಗಕ್ಕೆ ಸರಿಯುತ್ತ ಹೋಯಿತು, ನಂಬಿಕೆ ಗಟ್ಟಿಯಾಗುತ್ತ ಹೋಯಿತು.

ನಮ್ಮ ಸುಪ್ರೀಂ ಕೋರ್ಟ್ ಸಾಕ್ಷಿಯ ಬಗ್ಗೆ ಆಳವಾಗಿಯೇ ಯೋಚಿಸಿದೆ. 1957ರ ವಡಿವೇಲು ತೇವರ್ ತೀರ್ಪು ಸಾಕ್ಷಿಗಳನ್ನು ಪೂರ್ತಿ ನಂಬಬಹುದಾದವರು, ಪೂರ್ತಿ ನಂಬಲಾಗದವರು, ಎರಡೂ ಅಲ್ಲದವರು ಎಂದು ವಿಂಗಡಿಸಿ, ಸಾಕ್ಷಿಗಳ ಸಂಖ್ಯೆಗಿಂತ ಗುಣ ಮುಖ್ಯ ಎಂದಿತು. 1983ರ ಭರವಾಡ ಭೋಗಿನಭಾಯಿ ತೀರ್ಪು ಇನ್ನೂ ಮಾನವೀಯ: ಸಾಕ್ಷಿಯ ನೆನಪು ಕ್ಯಾಮೆರಾ ಅಲ್ಲ, ವೇಳೆ, ದೂರ, ಯಾರು ಎಲ್ಲಿ ನಿಂತಿದ್ದರು ಎಂಬ ವಿವರ ತಪ್ಪಿದರೆ ಅಷ್ಟಕ್ಕೇ ಸಾಕ್ಷ್ಯವನ್ನು ತಳ್ಳಬಾರದು. ಇದನ್ನು ನಾನು ಮೆಚ್ಚುತ್ತೇನೆ. ಆದರೆ ಈ ತತ್ವ ಒಂದೇ ದಿಕ್ಕಿನಲ್ಲಿ ಹರಿಯುತ್ತದೆ. ಸಾಕ್ಷಿ ಮರೆತಾಗ ಮರೆವು ಸಹಜ ಎನ್ನುತ್ತೇವೆ. ಅದೇ ಸಾಕ್ಷಿ “ಇವನೇ” ಎಂದಾಗ ಆ ಮರೆವಿನ ನೆನಪು ನಮಗಿರುವುದಿಲ್ಲ. ಇಂಗ್ಲೆಂಡಿನಲ್ಲಿ 1976ರ ಟರ್ನ್‌ಬುಲ್ ತೀರ್ಪಿನ ನಂತರ, ಪ್ರಕರಣ ವಿವಾದಿತ ಗುರುತಿನ ಮೇಲೆಯೇ ನಿಂತಿದ್ದರೆ, ದೃಢವಾಗಿ ನುಡಿಯುವ ಸಾಕ್ಷಿಯೂ ತಪ್ಪಿರಬಹುದೆಂದು ನ್ಯಾಯಾಧೀಶರು ಜ್ಯೂರಿಯನ್ನು ಎಚ್ಚರಿಸಬೇಕು. ಜ್ಯೂರಿ ಇಲ್ಲದ ನಮ್ಮಲ್ಲಿ ನ್ಯಾಯಾಧೀಶರು ಆ ಎಚ್ಚರಿಕೆಯನ್ನು ತಮಗೆ ತಾವೇ ಹೇಳಿಕೊಂಡು ತೀರ್ಪಿನಲ್ಲಿ ಬರೆಯಬೇಕು.

ಇನ್ನು ಪರೇಡ್. ಕಲ್ಪನೆಯಾಗಿ ಅದು ಉತ್ತಮವಾದದ್ದು: ಚಹರೆ, ವಯಸ್ಸು, ಮೈಕಟ್ಟು ಹೋಲುವವರ ನಡುವೆ ಆರೋಪಿಯನ್ನು ನಿಲ್ಲಿಸು, ಪೊಲೀಸರನ್ನು ದೂರವಿಡು, ಮ್ಯಾಜಿಸ್ಟ್ರೇಟರೇ ನಡೆಸಲಿ. ಪರೇಡ್ ನಡೆಯದಿದ್ದರೂ ಕೋರ್ಟಿನಲ್ಲಿ ಗುರುತಿಸಿದ್ದನ್ನು ಸಾಕ್ಷ್ಯವಾಗಿ ಸ್ವೀಕರಿಸಬಹುದೆಂದು 1958ರ ಕಾಂತಾ ಪ್ರಸಾದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದಕ್ಕೆಷ್ಟು ತೂಕ ಎಂಬುದು ವಿಚಾರಣಾ ನ್ಯಾಯಾಲಯಕ್ಕೆ ಬಿಟ್ಟ ವಿಷಯ. ಕಾರಣ ಇಲ್ಲದಿಲ್ಲ. ಕೋರ್ಟಿನ ಮಾತು ಪ್ರಮಾಣ ಮಾಡಿ ಆಡಿದ್ದು, ಪಾಟಿ ಸವಾಲಿಗೆ ಒಳಪಟ್ಟದ್ದು. ಆದರೆ ಪ್ರಮಾಣವಚನಕ್ಕೆ ಮಾಸಿದ ಮುಖವನ್ನು ಮತ್ತೆ ಬೆಳಗಿಸುವ ಶಕ್ತಿಯಿಲ್ಲ. ಮನಶ್ಶಾಸ್ತ್ರಜ್ಞರಾದ ಜಾನ್ ವಿಕ್ಸ್‌ಟೆಡ್ ಮತ್ತು ಗ್ಯಾರಿ ವೆಲ್ಸ್ 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿ ಹೇಳಿದ್ದು ಇದು: ಶುದ್ಧವಾಗಿ ನಡೆಸಿದ ಮೊದಲ ಪರೀಕ್ಷೆಯಲ್ಲಿ ಸಾಕ್ಷಿ ತೋರುವ ಖಚಿತತೆಗೆ ಬೆಲೆಯಿದೆ. ಆಗಲೇ ಖಚಿತವಾಗಿ ಹೇಳಿದವರು ತಪ್ಪುವುದು ಕಡಿಮೆ, ತಡವರಿಸಿದವರು ತಪ್ಪುವುದು ಹೆಚ್ಚು. ಹಾಗಾಗಿ ಕಣ್ಣಾರೆ ಕಂಡವರ ಮಾತಿಗೆ ಬೆಲೆಯೇ ಇಲ್ಲ ಎನ್ನುವವರ ಜೊತೆ ನಾನಿಲ್ಲ. ಬೆಲೆಯಿರುವುದು ಮೊದಲ ಮಾತಿಗೆ. ನಾವು ಮನ್ನಣೆ ಕೊಡುತ್ತಿರುವುದು ಕೊನೆಯ ಮಾತಿಗೆ.

ಆ ಮೊದಲ ಪರೀಕ್ಷೆಯೂ ಶುದ್ಧವಾಗಿ ಉಳಿಯುವುದು ಕಷ್ಟ. ತಿರುವನಂತಪುರದಲ್ಲಿ 2000ದಲ್ಲಿ ಬಸ್ಸುಗಳ ಮೇಲೆ ನಡೆದ ದಾಳಿಯ ಪ್ರಕರಣದಲ್ಲಿ ಪರೇಡ್‌ಗೆ ಮುಂಚೆಯೇ ಸಾಕ್ಷಿಗಳಿಗೆ ಆರೋಪಿಗಳನ್ನು ನೋಡುವ ಅವಕಾಶ ಸಿಕ್ಕಿತ್ತೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಅವರನ್ನು ಖುಲಾಸೆ ಮಾಡಿತು. ಇವತ್ತು ಬಂಧಿತರನ್ನು ಜಪ್ತಿಯಾದ ಮಾಲಿನ ಹಿಂದೆ ನಿಲ್ಲಿಸಿ ಫೋಟೊ ತೆಗೆಸುತ್ತಾರೆ. ಸಂಜೆಯೊಳಗೆ ಅದು ಟಿವಿಯಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ. ಅದಾದ ಮೇಲೆ ನಡೆಸುವ ಪರೇಡ್ ಪರೀಕ್ಷಿಸುವುದು ಘಟನೆಯ ನೆನಪನ್ನಲ್ಲ, ಆ ಫೋಟೊದ ನೆನಪನ್ನು.

2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಪ್ರಕಾರ ಪೊಲೀಸರು ಶೋಧನೆ, ಜಪ್ತಿ ಮಾಡುವಾಗ ಆಡಿಯೊ-ವಿಡಿಯೊ ಚಿತ್ರೀಕರಣ ಕಡ್ಡಾಯ. ಗುರುತು ಪತ್ತೆಗೆ ಸಂಬಂಧಿಸಿದ 54ನೇ ಕಲಂ ಚಿತ್ರೀಕರಣವನ್ನು ಕೇಳುವುದು ಗುರುತಿಸುವವರು ಅಂಗವಿಕಲರೋ ಮಾನಸಿಕ ವೈಕಲ್ಯ ಉಳ್ಳವರೋ ಆಗಿದ್ದರೆ ಮಾತ್ರ. ಚೂರಿ ಸಿಕ್ಕಿದ್ದಕ್ಕೆ ವಿಡಿಯೊ ಬೇಕು, ಚೂರಿ ಹಿಡಿದವನ ಮುಖ ಗುರುತಿಸಿದ್ದಕ್ಕೆ ಬೇಡ! ಪರೇಡ್ ವರದಿಯಲ್ಲಿ “ಗುರುತಿಸಿದರು” ಎಂದಿದ್ದರೆ ಸಾಕ್ಷಿ ಕಂಡೊಡನೆ ತೋರಿಸಿದರೋ, ಸಾಲನ್ನು ಮೂರು ಸಲ ಸುತ್ತಿ ಹಿಂಜರಿದು ತೋರಿಸಿದರೋ ನ್ಯಾಯಾಧೀಶರಿಗೆ ತಿಳಿಯುವುದು ಹೇಗೆ? ಪ್ರತಿ ಪರೇಡ್ ಚಿತ್ರೀಕರಣವಾಗಲಿ, ಎಷ್ಟು ಖಚಿತ ಎಂದು ಅಲ್ಲೇ ಕೇಳಿ ಸಾಕ್ಷಿಯ ಮಾತಿನಲ್ಲೇ ಬರೆದುಕೊಳ್ಳಲಿ, ಆರೋಪಿ ಯಾರೆಂದು ಗೊತ್ತಿಲ್ಲದ ಅಧಿಕಾರಿಯೇ ಸಾಕ್ಷಿಯ ಜೊತೆಗಿರಲಿ. ಸಂಹಿತೆಯ ತಿದ್ದುಪಡಿಗೆ ಕಾಯಬೇಕಿಲ್ಲ. ಹೈಕೋರ್ಟುಗಳು ತಮ್ಮ ಕ್ರಿಮಿನಲ್ ಪ್ರಾಕ್ಟೀಸ್ ನಿಯಮಗಳಲ್ಲೇ ಇವನ್ನು ಸೇರಿಸಬಹುದು.