ಇಲ್ಲದ ನುಡಿಗೆ ಕೈಪಿಡಿ

ಕಟ್ಟುಕತೆಯ ಜನರು ಆಡುವ ಕಟ್ಟುನುಡಿಗೂ ವ್ಯಾಕರಣ, ನಿಘಂಟು ಬೇಕೆ? ಬೇಕೆನ್ನುವ ಓದುಗರು ಲೋಕದಲ್ಲಿ ಬಹಳ ಮಂದಿ ಇದ್ದಾರೆ. ಇಂಗ್ಲಿಷಿನ ಟೋಲ್ಕಿನ್ ತಮ್ಮ ಅದ್ಭುತ ಕಥಾಲೋಕಕ್ಕೆ ಕಲ್ಪಿಸಿಕೊಟ್ಟ ಸಿಂಡರಿನ್ ಭಾಷೆಗೆ ಡೇವಿಡ್ ಸಾಲೊ 2004ರಲ್ಲಿ ದೊಡ್ಡದೊಂದು ಕೈಪಿಡಿಯನ್ನೇ ಹೊರತಂದರು. ಶ್ರಮ ಮೆಚ್ಚತಕ್ಕದ್ದು. ಆದರೆ ಟೋಲ್ಕಿನ್ ಈ ಭಾಷೆಯನ್ನು ಜೀವಮಾನವಿಡೀ ತಿದ್ದುತ್ತಲೇ ಇದ್ದವರು. ಅವರು ಬರೆದಿಟ್ಟ ರೂಪವೆಷ್ಟು, ಸಾಲೊ ಊಹಿಸಿ ತುಂಬಿದ್ದೆಷ್ಟು ಎಂಬ ಗಡಿ ಆ ಪುಸ್ತಕದಲ್ಲಿ ಎಲ್ಲೆಡೆಯೂ ಕಾಣುವುದಿಲ್ಲ. ನನ್ನ ತಕರಾರು ಇಷ್ಟೇ.

ದೂರದ ಮಾತೆಂದು ವಾಚಕರು ಇದನ್ನು ಬಿಡಬಾರದು. ಇದೇ ತೊಡಕು ನಮ್ಮ ಕರಾವಳಿಗೂ ಉಂಟು. ಈಜಿಪ್ಟಿನ ಆಕ್ಸಿರಿಂಕಸ್ಸಿನಲ್ಲಿ ಸಿಕ್ಕಿ 1903ರಲ್ಲಿ ಅಚ್ಚಾದ, ಸುಮಾರು 2ನೆಯ ಶತಮಾನದ ಹಸ್ತಪ್ರತಿಯಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಖಾರಿಟಿಯೋನ್ ಎಂಬ ಸೆರೆಯಾಳು ಹೆಣ್ಣನ್ನು ಬಿಡಿಸಲು ಅವಳ ಕಡೆಯವರು ಭಾರತದ ಕಡಲತೀರದ ಅರಸನಿಗೆ ಮದ್ಯ ಕುಡಿಸುತ್ತಾರೆ. ಅರಸನೂ ಅವನ ಪರಿವಾರವೂ ಆಡುವ ಮಾತು ಬಹುಪಾಲು ಗ್ರೀಕಲ್ಲ. ನಗಿಸಲಿಕ್ಕೆಂದು ನಾಟಕಕಾರನು ಹೆಣೆದ ಅರ್ಥವಿಲ್ಲದ ಸದ್ದೆ, ಅಥವಾ ನಿಜವಾದ ನುಡಿಯೆ? 1904ರಲ್ಲಿ ಹುಲ್ಟ್ಶ್ ಅದನ್ನು ಕನ್ನಡವೆಂದರು. ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಅದೇ ಜಾಡಿನಲ್ಲಿ ನಡೆದರು. 1926ರಲ್ಲಿ ಬಾರ್ನೆಟ್ ಆ ವಾದವನ್ನು ಅಲ್ಲಗಳೆದರು. ಮುಂದೆ ತುಳು ನಿಘಂಟಿನ ಸಂಪಾದಕರಾದ ಯು.ಪಿ. ಉಪಾಧ್ಯಾಯರು ಅದು ತುಳು ಎಂದರು.

'ಕೊನ್ಜೇ' ಎಂಬಲ್ಲಿ 'ಕೊಂಚ' ಕಂಡದ್ದು ಸಹಜವೇ, ಕೇಳುವುದಕ್ಕೂ ಹಿತ. ಆದರೆ ಅದೇ ಸಾಲಿನ 'ದಮುನ್' ಎಂಬುದು 'ಮಧು' ಆಗಬೇಕಾದರೆ ಅಕ್ಷರಗಳನ್ನು ಹಿಂದುಮುಂದು ಮಾಡಬೇಕು. ಪ್ರತಿ ಮಾಡಿದವನ ಕೈತಪ್ಪು ಇರಬಹುದು. ನಮ್ಮ ಆಸೆಯೂ ಇರಬಹುದು. ಅಂಥಲ್ಲಿ ಮೂಲದ ಅಕ್ಷರ, ತಿದ್ದಿದ ರೂಪ, ಹೇಳಿದ ಅರ್ಥ, ಈ ಮೂರನ್ನೂ ಬೇರೆ ಬೇರೆಯಾಗಿ ಕಾಣಿಸುವುದು ಪಂಡಿತನ ಧರ್ಮ.

ಈ ಧರ್ಮಕ್ಕೆ ಮಾದರಿ ಹುಡುಕಿಕೊಂಡು ನಾನು ಮಣ್ಣಗುಡ್ಡದಿಂದ ದೂರ ಹೋಗಬೇಕಾಗಿಲ್ಲ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರಕಟಿಸಿದ ಕಿಟ್ಟೆಲರ ಕನ್ನಡ ನಿಘಂಟು, ಪದ ದೊರೆತ ಗ್ರಂಥದ ಗುರುತನ್ನೂ ಕೊಡುತ್ತದೆ. ಅನುಮಾನ ಬಂದವನು ಮೂಲಕ್ಕೆ ಹೋಗಿ ನೋಡಬಹುದು. ಆಡುವ ಜನರುಳ್ಳ ಭಾಷೆಗೇ ಇಷ್ಟು ಎಚ್ಚರ ಬೇಕಾದರೆ ಕಲ್ಪಿತ ಭಾಷೆಗೆ ಇನ್ನೆಷ್ಟು ಬೇಕು! ಕನ್ನಡದ ನಿಘಂಟು ತಪ್ಪಿದರೆ ಸಂತೆಯ ಜನವೇ ತಿದ್ದಿಯಾರು. ಸಿಂಡರಿನ್ನಿಗೆ ಸಂತೆಯಿಲ್ಲ, ಕತೆಗಾರನು ಬಿಟ್ಟುಹೋದ ಹಾಳೆಗಳೇ ಸಾಕ್ಷಿ. ಆ ಸಾಕ್ಷಿಯ ಬಾಯಲ್ಲಿ ತನ್ನ ಮಾತನ್ನು ತುರುಕುವ ಕೈಪಿಡಿ ಎಷ್ಟು ಅಂದವಾಗಿದ್ದರೂ ಅದನ್ನು ಇನ್ನೊಂದು ಕತೆಯೆಂದೇ ಓದಬೇಕಾಗುತ್ತದೆ.